ಎಎಂಸಿ ಟೆಕ್ನಿಕಲ್ ಬ್ರೀಫ್‌: ಹಾಲಿನ ಜಗಳದಿಂದ ಹುಟ್ಟಿದ ಸಂಘ ಪುಕ್ಕಟೆ ಹೇಳಿಕೊಡುವ ಲೆಕ್ಕ

ಆಹಾರ, ನೀರು, ಔಷಧ, ಮಣ್ಣು, ಏನನ್ನೇ ಪರೀಕ್ಷಿಸುವ ಲ್ಯಾಬ್ ಇರಲಿ, ಅಲ್ಲಿ ಕೆಲಸ ಮಾಡುವವರು ಕಾಸು ಕೊಡದೆ ಓದಬಹುದಾದ ಒಂದು ಒಳ್ಳೆಯ ಸರಕಿದೆ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಅನಲಿಟಿಕಲ್ ಮೆಥಡ್ಸ್ ಕಮಿಟಿ ಹೊರತರುವ ಟೆಕ್ನಿಕಲ್ ಬ್ರೀಫ್‌ಗಳು. ಕಮಿಟಿಯ ಹೆಸರನ್ನು ಎಎಂಸಿ ಎಂದು ಮೊಟಕು ಮಾಡಿ, ಪ್ರತಿ ಬ್ರೀಫ್‌ಗೂ ಒಂದು ನಂಬರ್ ಕೊಟ್ಟಿದ್ದಾರೆ. ನಂಬರ್ ಈಗ ನೂರು ದಾಟಿದೆ. ಹಳೆಯವು ಬಹುಮಟ್ಟಿಗೆ ಎರಡೇ ಪುಟ. ಈಚಿನವು ಸ್ವಲ್ಪ ಉದ್ದ, ಅವು ಸೊಸೈಟಿಯ ‘ಅನಲಿಟಿಕಲ್ ಮೆಥಡ್ಸ್’ ಜರ್ನಲ್‌ನಲ್ಲಿ ಬರುತ್ತವೆ.

ಪರೀಕ್ಷಾ ವಿಧಾನ ಹುಡುಕಿಕೊಂಡು ಹೋದವರಿಗೆ ಇಲ್ಲಿ ಏನೂ ದಕ್ಕುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯಾವ ಕಾಲಂ ಹಾಕಬೇಕು, ಆಸಿಡ್ ಎಷ್ಟು ಮಿಲಿ, ಯಾವ ಇಂಡಿಕೇಟರ್ ಎನ್ನುವುದಕ್ಕೆ ಎಒಎಸಿ, ಐಎಸ್, ಐಎಸ್ಒ ಸಂಸ್ಥೆಗಳ ಮಾನಕ ವಿಧಾನದ ಪುಸ್ತಕಗಳೇ ಗತಿ. ಅಂಕಿ ಕೈಗೆ ಬಂದ ಮೇಲೆ ಶುರುವಾಗುವ ತಾಪತ್ರಯಕ್ಕೆ ಬ್ರೀಫ್ ಬೇಕು. ಪಕ್ಕದ ಲ್ಯಾಬ್‌ನ ಅಂಕಿ ಬೇರೆಯಾದರೆ ಏನರ್ಥ, ಗೊತ್ತಿರುವ ಪ್ರಮಾಣಗಳನ್ನು ಅಳೆದು ಎಳೆದ ಕ್ಯಾಲಿಬ್ರೇಷನ್ ಗೆರೆಯನ್ನು ನಂಬಬಹುದೇ, ಒಂದು ರೀಡಿಂಗ್ ಮಾತ್ರ ದೂರ ಹೋಗಿ ನಿಂತರೆ ಬಿಡಬೇಕೇ ಇಟ್ಟುಕೊಳ್ಳಬೇಕೇ ಎಂಬಂಥವು. ಈ ಕಮಿಟಿಗೆ ಇದೇ ಪ್ರಶ್ನೆಗಳ ಮೇಲೆ ಇಷ್ಟು ಆಸ್ಥೆ ಯಾಕೆ ಎಂದು ತಿಳಿಯಬೇಕಾದರೆ ಅದರ ಹಿಂದಿದ್ದ ಹಳೇ ಸಂಘದ ಕಥೆ ನೋಡಬೇಕು.

1858ರಲ್ಲಿ ಬ್ರಾಡ್‌ಫರ್ಡ್ ಊರಿನ ಸಂತೆಯಲ್ಲಿ ಮಾರಿದ ಪೆಪ್ಪರ್‌ಮಿಂಟ್ ತಿಂದು ಸುಮಾರು 20 ಜನ ಸತ್ತರು. ಸಕ್ಕರೆ ಉಳಿಸಲು ಬೆರೆಸುತ್ತಿದ್ದ ಬಿಳಿ ಪುಡಿಯ ಬದಲು ಔಷಧದಂಗಡಿಯವನು ಆರ್ಸೆನಿಕ್ ತೂಗಿ ಕೊಟ್ಟಿದ್ದ. ಎರಡು ವರ್ಷಕ್ಕೆ ಕಲಬೆರಕೆ ತಡೆಯುವ ಕಾಯ್ದೆ ಬಂತು, 1872ರಲ್ಲಿ ಇನ್ನೂ ಬಿಗಿಯಾಯಿತು. ಕಾಯ್ದೆಯ ಕೆಳಗೆ ಆಹಾರ ಪರೀಕ್ಷಿಸುವ ಪಬ್ಲಿಕ್ ಅನಲಿಸ್ಟ್ ಎಂಬ ಹುದ್ದೆ ಹುಟ್ಟಿತು. ಹುದ್ದೆಯೇನೋ ಹುಟ್ಟಿತು, ಆದರೆ ಒಪ್ಪಿತ ವಿಧಾನವೂ ಇರಲಿಲ್ಲ, ಒಪ್ಪಿತ ಮಿತಿಯೂ ಇರಲಿಲ್ಲ. ಒಬ್ಬ ಅನಲಿಸ್ಟ್ ನೀರು ಬೆರೆತಿದೆ ಎಂದ ಹಾಲನ್ನು ಇನ್ನೊಬ್ಬ ಶುದ್ಧ ಎನ್ನುತ್ತಿದ್ದ. ವ್ಯಾಪಾರಿಗಳು ಕೂಗೆಬ್ಬಿಸಿದರು, 1874ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅನಲಿಸ್ಟ್‌ಗಳ ಯೋಗ್ಯತೆಯೇ ಚರ್ಚೆಗೆ ಬಂತು. ಅದೇ ಆಗಸ್ಟ್‌ನಲ್ಲಿ ಲಂಡನ್ನಿನ ಕ್ಯಾನನ್ ಸ್ಟ್ರೀಟ್ ಹೋಟೆಲಿನಲ್ಲಿ ಅವರೆಲ್ಲ ಸೇರಿ ಸೊಸೈಟಿ ಆಫ್ ಪಬ್ಲಿಕ್ ಅನಲಿಸ್ಟ್ಸ್ ಕಟ್ಟಿದರು. ಥಿಯೊಫಿಲಸ್ ರೆಡ್‌ವುಡ್ ಮೊದಲ ಅಧ್ಯಕ್ಷ. 1876ರಲ್ಲಿ ‘ದಿ ಅನಲಿಸ್ಟ್’ ಪತ್ರಿಕೆ ಹೊರಟಿತು, ಇಂದಿಗೂ ನಡೆಯುತ್ತಿದೆ. ಇವತ್ತು ತುಪ್ಪದ ಕಲಬೆರಕೆ ಹಿಡಿಯಲು ನೋಡುವ ರೈಖರ್ಟ್-ಮೈಸ್ಲ್ ಅಂಕಿ ಕೂಡ ಅದೇ ಕಾಲದ ಬೆಣ್ಣೆ ಜಗಳದ ಕೂಸು.

ಸಂಘ ಮೊದಲು ಕೈ ಹಾಕಿದ್ದು ಹಾಲಿನ ಮಿತಿಗೆ. ಫ್ಯಾಟ್ ಶೇ 2.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ 9.0, ಇದಕ್ಕಿಂತ ಕಡಿಮೆ ಇದ್ದರೆ ಕಲಬೆರಕೆ. ನಮ್ಮ ಡೈರಿಗೆ ಹಾಲು ಹಾಕುವ ಯಾರನ್ನು ಕೇಳಿದರೂ ಈ ಜೋಡಿ ವಿಚಿತ್ರವಾಗಿದೆ ಎಂದಾರು: ಫ್ಯಾಟ್ ತೀರಾ ಕಡಿಮೆ, ಎಸ್‌ಎನ್‌ಎಫ್ ತೀರಾ ಹೆಚ್ಚು. ತಪ್ಪು ಇದ್ದದ್ದು ವಿಧಾನದಲ್ಲಿ. ಹಾಲನ್ನು ಬಟ್ಟಲಲ್ಲಿ ಒಣಗಿಸಿ ಈಥರ್‌ನಿಂದ ಕೊಬ್ಬು ಎಳೆಯುತ್ತಿದ್ದರು. ಒಣಗಿದ ಕೇಸಿನ್ ಎಂಬ ಹಾಲಿನ ಪ್ರೋಟೀನು ಗಟ್ಟಿ ಪದರ ಕಟ್ಟಿ ಒಂದಿಷ್ಟು ಕೊಬ್ಬನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಿತ್ತು. ಒಳಗೆ ಉಳಿದ ಕೊಬ್ಬು ಎಸ್‌ಎನ್‌ಎಫ್ ಲೆಕ್ಕಕ್ಕೆ ಜಮಾ ಆಗುತ್ತಿತ್ತು. 1885ರಲ್ಲಿ ಆಡಮ್ಸ್ ಎಂಬ ಅನಲಿಸ್ಟ್ ಕೊಬ್ಬು ತೆಗೆದ ಒತ್ತುಕಾಗದದ ಪಟ್ಟಿಯ ಮೇಲೆ ಹಾಲು ಹರಡಿ, ಸುರುಳಿ ಸುತ್ತಿ, ಒಣಗಿಸಿ, ಸಾಕ್ಸ್‌ಲೆಟ್‌ನಲ್ಲಿ ಈಥರ್ ಹಾಯಿಸಿ ತೋರಿಸಿದರು. ತೆಳುವಾಗಿ ಹರಡಿದ್ದರಿಂದ ಕೊಬ್ಬು ಪೂರ್ತಿ ಹೊರಬಂತು. ಫ್ಯಾಟ್ ಏರಿತು, ಎಸ್‌ಎನ್‌ಎಫ್ ಇಳಿಯಿತು, ಸಂಘ ತನ್ನ 9.0ನ್ನು ಬಿಟ್ಟು 8.5ಕ್ಕೆ ಬರಬೇಕಾಯಿತು. 1901ರ ಸರ್ಕಾರಿ ನಿಯಮ ಫ್ಯಾಟ್ 3.0, ಎಸ್‌ಎನ್‌ಎಫ್ 8.5 ಎಂದು ನಿಲ್ಲಿಸಿತು. (ನಂದಿನಿ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನ ಅಂಕಿಯೂ ಇದೇ ಜೋಡಿ. ನಂಟಿಲ್ಲ, ಕಾಕತಾಳೀಯ.) ಆ ಹತ್ತು ವರ್ಷಗಳಲ್ಲಿ 9.0ರ ಲೆಕ್ಕದಲ್ಲಿ ದಂಡ ಕಟ್ಟಿದ ಹಾಲಿನವರೆಲ್ಲ ನೀರು ಬೆರೆಸಿದವರೇ ಆಗಿದ್ದರೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎರಡನೇ ಜಗಳ ಸಾಮರ್‌ಸೆಟ್ ಹೌಸ್ ಜೊತೆ. 1875ರ ಕಾಯ್ದೆ ಅಲ್ಲಿನ ಸರ್ಕಾರಿ ಲ್ಯಾಬನ್ನು ಮೇಲ್ಮನವಿಯ ಲ್ಯಾಬ್ ಮಾಡಿತು. ಅಲ್ಲಿಗೆ ಹೋಗುವ ಹೊತ್ತಿಗೆ ಹಾಲು ಹುಳಿದು ಕೊಳೆತಿರುತ್ತಿತ್ತು. ಕೊಳೆತದ್ದಕ್ಕೆ ಇಷ್ಟು ಕೂಡಿಸಬೇಕು ಎಂದು ಅವರು ಒಂದು ಲೆಕ್ಕ ಹಾಕುತ್ತಿದ್ದರು, ಪಬ್ಲಿಕ್ ಅನಲಿಸ್ಟ್‌ಗಳಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ನಮ್ಮಲ್ಲೂ ಕಟ್ಟುಪಾಡು ಇದೇ ಮಾದರಿಯದು: 1954ರ ಪಿಎಫ್ಎ (ಆಹಾರ ಕಲಬೆರಕೆ ತಡೆ) ಕಾಯ್ದೆಯಲ್ಲಿ ಪಬ್ಲಿಕ್ ಅನಲಿಸ್ಟ್ ಎಂಬ ಹೆಸರೇ ಇತ್ತು, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಸೆಂಟ್ರಲ್ ಫುಡ್ ಲ್ಯಾಬ್ ಇತ್ತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವರು ಫುಡ್ ಅನಲಿಸ್ಟ್ ಆದರು, ಮೇಲ್ಮನವಿ ರೆಫರಲ್ ಲ್ಯಾಬಿಗೆ ಹೋಗುತ್ತದೆ, ಸ್ಯಾಂಪಲ್ ನಾಲ್ಕು ಭಾಗವಾಗುತ್ತದೆ. ಹಾಲಿನ ಸ್ಯಾಂಪಲ್ಲಿಗೆ ಫಾರ್ಮಲಿನ್ ಹನಿ ಹಾಕಿ ಸೀಲ್ ಮಾಡುವುದು ಸಾಮರ್‌ಸೆಟ್ ಹೌಸ್‌ನವರಿಗೆ ಬಂದ ತಾಪತ್ರಯ ಬಾರದಿರಲಿ ಎಂದೇ.

ಸಂಘದ ಹೆಸರು 1907ರಲ್ಲಿ ‘ಇತರ ಅನಲಿಟಿಕಲ್ ಕೆಮಿಸ್ಟ್‌ಗಳ’ನ್ನೂ ಸೇರಿಸಿಕೊಂಡಿತು, 1950ರ ದಶಕದಲ್ಲಿ ಸೊಸೈಟಿ ಫಾರ್ ಅನಲಿಟಿಕಲ್ ಕೆಮಿಸ್ಟ್ರಿ ಆಯಿತು. 1980ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ರೂಪುಗೊಂಡಾಗ ಅದರೊಳಗೆ ಕರಗಿತು. ಕಮಿಟಿ ಮಾತ್ರ ಉಳಿಯಿತು, ಒಂದೇ ಸ್ಯಾಂಪಲ್ಲಿಗೆ ಎರಡು ಅಂಕಿ ಯಾಕೆ ಎಂಬ ಹಳೇ ಪ್ರಶ್ನೆಯೂ ಅದರ ಜೊತೆ ಉಳಿಯಿತು.

ಈಗ ಸರಕಿಗೆ ಬರೋಣ. ದುಡ್ಡಿಗೆ ಕೊಟ್ಟಿದ್ದರೂ ಕೊಳ್ಳಬಹುದಾಗಿದ್ದ ಬ್ರೀಫ್ ಎಂದರೆ 6ನೇ ನಂಬರಿನದು, ರೋಬಸ್ಟ್ ಲೆಕ್ಕದ ಬಗ್ಗೆ, ಅಂದರೆ ಒಂದೆರಡು ಹಾದಿ ತಪ್ಪಿದ ಅಂಕಿಗೆ ಜಗ್ಗದ ಲೆಕ್ಕ. ಎಂಟು ಲ್ಯಾಬ್‌ಗಳು ಒಂದೇ ಹಾಲಿನ ಫ್ಯಾಟ್ ನೋಡಿವೆ ಎಂದಿಟ್ಟುಕೊಳ್ಳಿ: 3.42, 3.45, 3.47, 3.48, 3.50, 3.51, 3.53, 3.98. ಕೊನೆಯದು ಹಾದಿ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ. ಮಾಮೂಲಿ ಸರಾಸರಿ ತೆಗೆದರೆ 3.54, ಅಂಕಿಗಳ ಚದುರಾಟ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ 0.18. ಈ ಲೆಕ್ಕದಲ್ಲಿ 3.98ರ ಝೆಡ್ ಸ್ಕೋರ್, ಅಂದರೆ ಸರಾಸರಿಯಿಂದ ಎಷ್ಟು ಡೀವಿಯೇಷನ್ ದೂರ ಎಂಬುದು, 2.4. ಮೂರು ದಾಟಲಿಲ್ಲ, ಆದ್ದರಿಂದ ‘ಸಂಶಯಾಸ್ಪದ’ ಅಷ್ಟೇ. ಕಳ್ಳನೇ ತಕ್ಕಡಿ ಹಿಡಿದಂತಾಯಿತು: ಆ ಒಂದು ಅಂಕಿಯೇ ಡೀವಿಯೇಷನ್ನನ್ನು ಉಬ್ಬಿಸಿ ತನ್ನನ್ನು ತಾನು ಮರೆಮಾಡಿಕೊಂಡಿದೆ.

ಬ್ರೀಫ್ ಹೇಳಿಕೊಡುವ ದಾರಿ ಹೀಗೆ. ಸರಾಸರಿಯ ಬದಲು ಸಾಲಿನ ನಟ್ಟನಡುವಿನ ಅಂಕಿಯಾದ ಮೀಡಿಯನ್‌ನಿಂದ ಶುರುಮಾಡಿ, ಇಲ್ಲಿ 3.49. ಪ್ರತಿ ಅಂಕಿ ಅದರಿಂದ ಎಷ್ಟು ದೂರ ಎಂದು ಬರೆದು, ಆ ದೂರಗಳ ಮೀಡಿಯನ್ ತೆಗೆಯಿರಿ, 0.03. ಅದನ್ನು 1.483ರಿಂದ ಗುಣಿಸಿದರೆ 0.0445, ಇದು ಮೊದಲ ಅಂದಾಜಿನ ಡೀವಿಯೇಷನ್. ಅದರ ಒಂದೂವರೆ ಪಟ್ಟು, ಅಂದರೆ 0.067, ಆಚೀಚೆ ಇಟ್ಟು ಬೇಲಿ ಹಾಕಿ: 3.423ರಿಂದ 3.557. ಬೇಲಿಯಾಚೆ ಹೋದ ಅಂಕಿಯನ್ನು ಕಿತ್ತೆಸೆಯುವುದಿಲ್ಲ, ಎಳೆದು ತಂದು ಬೇಲಿಗೆ ಕಟ್ಟುತ್ತಾರೆ. 3.98 ಈಗ 3.557, ಕೂದಲೆಳೆಯಲ್ಲಿ ಹೊರಗಿದ್ದ 3.42 ಈಗ 3.423. ಈ ಹೊಸ ಎಂಟು ಅಂಕಿಗಳ ಸರಾಸರಿ 3.49. ಡೀವಿಯೇಷನ್ ತೆಗೆದು 1.134ರಿಂದ ಗುಣಿಸಿದರೆ 0.049. ಮತ್ತೆ ಮೂಲ ಅಂಕಿಗಳಿಗೆ ಹೋಗಿ, ಹೊಸ ಬೇಲಿ ಹಾಕಿ, ಮತ್ತೆ ಅದೇ. ಐದಾರು ಸುತ್ತಿಗೆ ಅಂಕಿ ಅಲುಗಾಡುವುದು ನಿಲ್ಲುತ್ತದೆ: 3.49, ಡೀವಿಯೇಷನ್ 0.054. ಈಗ 3.98ರ ಝೆಡ್ ಸ್ಕೋರ್ 9.

ಎಲ್ಲರೂ ಎಡವುವುದು ಎರಡು ಕಡೆ. ಎರಡನೇ ಸುತ್ತಿನಲ್ಲಿ ಮೂಲ ಅಂಕಿಗಳ ಬದಲು ಬೇಲಿಗೆ ಕಟ್ಟಿದ ಅಂಕಿಗಳನ್ನೇ ಮತ್ತೆ ಕತ್ತರಿಸುತ್ತಾರೆ, ಇಲ್ಲವೇ 1.134ರಿಂದ ಗುಣಿಸಲು ಮರೆಯುತ್ತಾರೆ. ಮರೆತರೆ ಪ್ರತಿ ಸುತ್ತಿನಲ್ಲೂ ಬೇಲಿ ಬೇಕಾದ್ದಕ್ಕಿಂತ ಒಳಕ್ಕೆ ಸರಿಯುತ್ತದೆ, ನೆಟ್ಟಗಿರುವ ಲ್ಯಾಬ್‌ಗಳೂ ಹೊರಗೆ ಬೀಳುತ್ತವೆ. ಇನ್ನೊಂದು ಎಚ್ಚರಿಕೆ: ಅರ್ಧದಷ್ಟು ಲ್ಯಾಬ್‌ಗಳು ಒಂದು ವಿಧಾನದಿಂದ 3.4, ಉಳಿದರ್ಧ ಇನ್ನೊಂದರಿಂದ 3.8 ಹೇಳುತ್ತಿದ್ದರೆ ಈ ಲೆಕ್ಕ ಯಾವ ಗುಂಪಿಗೂ ಸೇರದ ನಡುವಿನ ಅಂಕಿ ಕೊಡುತ್ತದೆ. ಹಾಗಾಗಿ ಮೊದಲು ಅಂಕಿಗಳನ್ನು ಚುಕ್ಕಿ ಹಾಕಿ ನೋಡಬೇಕು, ಆಮೇಲೆ ಲೆಕ್ಕ.

ರೋಬಸ್ಟ್ ಲೆಕ್ಕ ದೂರದ ಅಂಕಿಯನ್ನು ತೋರಿಸಿಕೊಡುತ್ತದೆ, ಕಾರಣ ಹುಡುಕುವುದು ನಿಮ್ಮ ಕೆಲಸ. ಫ್ಯಾಟ್ ನೋಡುವ ಗರ್ಬರ್ ವಿಧಾನದಲ್ಲಿ 3.98 ಬಂದಿದ್ದರೆ ಹುಡುಕಬೇಕಾದ ಜಾಗ ಗೊತ್ತೇ ಇದೆ: ಅಮೈಲ್ ಆಲ್ಕೋಹಾಲ್ 1 ಮಿಲಿಗಿಂತ ಹೆಚ್ಚಾಯಿತೇ, ಅದರಲ್ಲೇ ಎಣ್ಣೆಯಂಥ ಕಶ್ಮಲ ಇದೆಯೇ, ಫ್ಯಾಟ್ ಕಂಬದ ಕೆಳಗೆ ಕರಗದ ಮೊಸರು ಕೂತಿದೆಯೇ, 65 ಡಿಗ್ರಿ ನೀರಿನಲ್ಲಿ ಇಡದೆ ಓದಿದರೇ. ಬ್ರೀಫ್ ಇಷ್ಟು ದೂರ ಬರುವುದಿಲ್ಲ.

17ನೇ ನಂಬರು ಹಾರ್ವಿಟ್ಜ್ ಸೂತ್ರದ್ದು. ಅಮೆರಿಕದ ವಿಲಿಯಂ ಹಾರ್ವಿಟ್ಜ್ ಮತ್ತು ಸಂಗಡಿಗರು ನೂರಾರು ಜಂಟಿ ಪರೀಕ್ಷೆಗಳ ಅಂಕಿ ಕೂಡಿಹಾಕಿ 1980ರಲ್ಲಿ ಒಂದು ವಿಚಿತ್ರ ತೋರಿಸಿದರು: ಪದಾರ್ಥ ಯಾವುದೇ ಇರಲಿ, ವಿಧಾನ ಯಾವುದೇ ಇರಲಿ, ಲ್ಯಾಬ್‌ಗಳ ನಡುವಿನ ಚದುರಾಟ ಹೆಚ್ಚುಕಡಿಮೆ ಸಾಂದ್ರತೆಯೊಂದನ್ನೇ ಅವಲಂಬಿಸಿದೆ. ಸಾಂದ್ರತೆಯನ್ನು ಭಾಗದ ರೂಪದಲ್ಲಿ ಬರೆದು, ಅಂದರೆ 3.5 ಪರ್ಸೆಂಟನ್ನು 0.035 ಮಾಡಿ, 0.8495 ಘಾತಕ್ಕೆ ಏರಿಸಿ, 0.02ರಿಂದ ಗುಣಿಸಿದರೆ ನಿರೀಕ್ಷಿತ ಡೀವಿಯೇಷನ್. ಫ್ಯಾಟ್ 3.5ಕ್ಕೆ 0.00116 ಸಿಗುತ್ತದೆ, ಪರ್ಸೆಂಟಿನಲ್ಲಿ 0.116. ಮೇಲಿನ 3.98 ಈ ಅಳತೆಗೋಲಿನಲ್ಲೂ 4 ದಾಟುತ್ತದೆ. ಪರ್ಸೆಂಟನ್ನು ಭಾಗಕ್ಕೆ ತಿರುಗಿಸದೆ 3.5 ಎಂದೇ ಹಾಕಿಬಿಡುವುದು ಇಲ್ಲಿ ಸಾಮಾನ್ಯ ತಪ್ಪು. ಮೈಕ್ರೋಗ್ರಾಂಗೆ ಬಂದಾಗ ಸೊನ್ನೆಗಳಲ್ಲಿ ಇನ್ನೂ ಹೆಚ್ಚು ಜಾರುತ್ತದೆ.

ಸೂತ್ರ ಎಲ್ಲಿ ಮುರಿಯುತ್ತದೆ ಎಂದೂ ತಿಳಿದಿರಬೇಕು. ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ ಎಂ1ಗೆ ಹಾಲಿನಲ್ಲಿ ನಮ್ಮ ದೇಶದ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಾರ್ವಿಟ್ಜ್ ಸೂತ್ರಕ್ಕೆ ಇದನ್ನು ಹಾಕಿದರೆ ಲ್ಯಾಬ್‌ಗಳ ನಡುವೆ ಶೇ 50 ಚದುರಾಟ ಸಹಜ ಎನ್ನುತ್ತದೆ. ಅಷ್ಟು ಚದುರಿದರೆ ಆ ಪರೀಕ್ಷೆ ಮಾಡಿ ಏನು ಪ್ರಯೋಜನ? ನಿಜದಲ್ಲಿ ಲ್ಯಾಬ್‌ಗಳು ಅಷ್ಟು ಕೆಟ್ಟದಾಗಿ ಮಾಡುವುದಿಲ್ಲ. ಎಎಂಸಿಯ ಮೈಕೆಲ್ ಥಾಂಪ್ಸನ್ 2000ದಲ್ಲಿ ಅದೇ ‘ದಿ ಅನಲಿಸ್ಟ್’ ಪತ್ರಿಕೆಯಲ್ಲಿ ಇದನ್ನು ತಿದ್ದಿದರು: ಕೆಜಿಗೆ 120 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ನೇರವಾಗಿ ಶೇ 22 ಹಿಡಿಯಿರಿ, ಶೇ 13.8ಕ್ಕಿಂತ ಮೇಲಿದ್ದರೆ ಸಾಂದ್ರತೆಯ ವರ್ಗಮೂಲವನ್ನು 0.01ರಿಂದ ಗುಣಿಸಿ. ಶೇ 22ರ ಲೆಕ್ಕದಲ್ಲಿ 0.5ಕ್ಕೆ 0.11. ಅಂದರೆ ಒಂದು ಲ್ಯಾಬ್ 0.4, ಇನ್ನೊಂದು 0.6 ಹೇಳಿದರೆ ಯಾರೂ ತಪ್ಪು ಮಾಡಿಲ್ಲದೆಯೂ ಇರಬಹುದು. ಒಬ್ಬರದು ಪಾಸ್, ಇನ್ನೊಬ್ಬರದು ಫೇಲ್. ಮಿತಿಯ ಅಂಚಿನ ಸ್ಯಾಂಪಲ್ಲಿಗೆ ಸಹಿ ಹಾಕುವವರು ಈ 0.11ನ್ನು ಕೈಗೆ ಹಚ್ಚೆ ಹಾಕಿಸಿಕೊಂಡರೂ ತಪ್ಪಿಲ್ಲ.

ಕ್ಯಾಲಿಬ್ರೇಷನ್ ನೇರವಾಗಿದೆಯೇ ಎಂದು ಕೇಳುವ 3ನೇ ನಂಬರಿನದು ಚಿಕ್ಕದು, ಆದರೆ ಅತಿ ಹೆಚ್ಚು ಲ್ಯಾಬ್‌ಗಳ ಚಾಳಿಗೆ ಪೆಟ್ಟು ಕೊಡುವಂಥದ್ದು. ‘ಆರ್ 0.999 ಬಂದಿದೆ, ಲೀನಿಯರ್’ ಎಂದು ಫೈಲ್ ಮುಚ್ಚುವುದು ಎಲ್ಲೆಡೆ ಇರುವ ರೂಢಿ. (ಬಿಂದುಗಳು ನೇರ ಗೆರೆಗೆ ಎಷ್ಟು ಹತ್ತಿರ ಎಂಬ ಅಂಕಿಯೇ ಆರ್, 1 ಎಂದರೆ ಪೂರ್ತಿ ನೇರ.) ಒಂದು ಕರ್ವ್ ನೋಡಿ: 0, 2, 4, 6, 8, 10 ಪಿಪಿಎಂ ಸ್ಟ್ಯಾಂಡರ್ಡ್‌ಗಳಿಗೆ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕು ಹೀರಿದ ಅಳತೆ) 0.00, 0.21, 0.41, 0.60, 0.78, 0.95. ಮೇಲೆ ಹೋದಂತೆ ಬಾಗುತ್ತಿದೆ. ನೇರ ಗೆರೆ ಎಳೆದರೆ ಇಳಿಜಾರು 0.095, ಇಂಟರ್‌ಸೆಪ್ಟ್ 0.0167, ಆರ್ 0.9993. ಹೆಚ್ಚಿನ ಕಡೆ ಪಾಸ್. ಗೆರೆಯಿಂದ ಪ್ರತಿ ಬಿಂದು ಎಷ್ಟು ತಪ್ಪಿದೆ ಎಂದು ಬರೆಯಿರಿ: –0.017, +0.003, +0.013, +0.013, +0.003, –0.017. ತುದಿಗಳು ಕೆಳಗೆ, ನಡುವೆ ಮೇಲೆ, ಕಮಾನಿನಂತೆ. ಯಾದೃಚ್ಛಿಕ ತಪ್ಪಾಗಿದ್ದರೆ ಪ್ಲಸ್ ಮೈನಸ್ ಕಲಸಿಕೊಂಡು ಬರುತ್ತಿದ್ದವು. ಇದರಿಂದ ಎಷ್ಟು ನಷ್ಟ ಎಂದರೆ, 0.05 ಅಬ್ಸಾರ್ಬೆನ್ಸ್ ಕೊಡುವ ಸ್ಯಾಂಪಲ್ಲಿನಲ್ಲಿ ನಿಜವಾಗಿ ಇರುವುದು 0.47 ಪಿಪಿಎಂ, ನೇರ ಗೆರೆ ಹೇಳುವುದು 0.35. ಕಾಲು ಭಾಗ ಮಾಯ, ಅದೂ ಕೆಳತುದಿಯಲ್ಲಿ, ವಿಷದ ಮಿತಿಗಳು ಇರುವ ಜಾಗದಲ್ಲೇ. ಎಕ್ಸೆಲ್‌ನಲ್ಲಿ ಈ ತಪ್ಪುಗಳ ಗ್ರಾಫ್, ಅಂದರೆ ರೆಸಿಡ್ಯುಯಲ್ ಗ್ರಾಫ್, ಎಳೆಯಲು ಎರಡು ನಿಮಿಷ ಸಾಕು. ಬಾಗಿದೆ ಎಂದು ಕಂಡರೆ ಕ್ವಾಡ್ರಾಟಿಕ್ ಹಾಕಿ, ಇಲ್ಲವೇ ಮೇಲಿನ ಸ್ಟ್ಯಾಂಡರ್ಡ್ ಬಿಟ್ಟು ರೇಂಜ್ ಕಿರಿದು ಮಾಡಿ. ಇಂಟರ್‌ಸೆಪ್ಟನ್ನು ಬಲವಂತವಾಗಿ ಸೊನ್ನೆಗೆ ಕಟ್ಟುವುದು ಪರಿಹಾರವಲ್ಲ.

ಸ್ಟ್ಯಾಂಡರ್ಡ್ ಅಡಿಷನ್ ಬಗೆಗಿನ 37ನೇ ನಂಬರು ಲೋಹ ಅಳೆಯುವ ಎಎಎಸ್ ಅಥವಾ ಐಸಿಪಿ ಯಂತ್ರ ಇರುವವರಿಗೆ. ಅರಿಶಿನ, ಮೆಣಸಿನಪುಡಿಯಂಥ ಗೋಜಲು ಸ್ಯಾಂಪಲ್ಲಿನಲ್ಲಿ ಸೀಸ ನೋಡುವಾಗ ಮ್ಯಾಟ್ರಿಕ್ಸ್, ಅಂದರೆ ಸ್ಯಾಂಪಲ್ಲಿನ ಉಳಿದ ಪದಾರ್ಥ, ಸಿಗ್ನಲ್ ತಗ್ಗಿಸುತ್ತದೆ, ಆಗ ಸ್ಯಾಂಪಲ್ಲಿಗೇ ಗೊತ್ತಿರುವ ಪ್ರಮಾಣ ಸೇರಿಸಿ ಅಳೆಯುತ್ತಾರೆ. ನಾಲ್ಕೈದು ಹಂತಗಳಲ್ಲಿ ಸಮ ಅಂತರದ ಸೇರ್ಪಡೆ ಮಾಡಬೇಕು ಎಂಬುದು ಕಾಲೇಜಿನ ಪಾಠ. ಪ್ರತಿಕ್ರಿಯೆ ನೇರ ಎಂದು ಮೊದಲೇ ಖಾತ್ರಿ ಇದ್ದರೆ ಅದು ಬೇಡ, ಸೇರಿಸದ್ದು ಒಂದು, ದೊಡ್ಡದಾಗಿ ಸೇರಿಸಿದ್ದು ಒಂದು, ಎರಡನ್ನೂ ಹಲವು ಸಲ ಅಳೆದರೆ ನಿಖರತೆ ಹೆಚ್ಚು ಎನ್ನುತ್ತದೆ ಬ್ರೀಫ್. ಸ್ಟ್ಯಾಂಡರ್ಡ್ ಅಡಿಷನ್ ಇಳಿಜಾರಿನ ತಪ್ಪನ್ನು ಮಾತ್ರ ಸರಿಪಡಿಸುತ್ತದೆ ಎಂಬ ಮಾತೂ ಅಲ್ಲಿದೆ. ಬ್ಯಾಕ್‌ಗ್ರೌಂಡ್ ಇಡೀ ಗೆರೆಯನ್ನೇ ಮೇಲಕ್ಕೆತ್ತಿದ್ದರೆ ಎಷ್ಟು ಸೇರಿಸಿದರೂ ಆ ತಪ್ಪು ಹಾಗೇ ಉಳಿಯುತ್ತದೆ, ಬ್ಯಾಕ್‌ಗ್ರೌಂಡನ್ನು ಬೇರೆಯಾಗಿ ಕಳೆಯಬೇಕು.

ಸ್ಯಾಂಪ್ಲಿಂಗ್ ಬಗ್ಗೆ ಹಲವು ಬ್ರೀಫ್‌ಗಳಿವೆ. ಸಾರ ಒಂದೇ: ಎಂಟು ಲಾಟುಗಳಿಂದ ಎರಡೆರಡು ಸಲ ಬೇರೆಬೇರೆಯಾಗಿ ಸ್ಯಾಂಪಲ್ ತೆಗೆದು, ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿ, ಒಟ್ಟು 32 ರೀಡಿಂಗ್. ಅವುಗಳಿಂದ ಲ್ಯಾಬಿನ ತಪ್ಪೆಷ್ಟು, ಚೀಲಕ್ಕೆ ಕೈ ಹಾಕಿದವನ ತಪ್ಪೆಷ್ಟು ಎಂದು ಬೇರ್ಪಡಿಸಬಹುದು. ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ನೋಡುವವರಿಗೆ ಇದು ಕಣ್ಣು ತೆರೆಸುತ್ತದೆ. ವಿಷ ಕೆಲವೇ ಬೀಜಗಳಲ್ಲಿ ಗುಡ್ಡೆಯಾಗಿರುತ್ತದೆ, ಆ ಬೀಜ ನಿಮ್ಮ ಸ್ಯಾಂಪಲ್ಲಿಗೆ ಬಂತೇ ಇಲ್ಲವೇ ಎಂಬುದರ ಮುಂದೆ ವಿಷ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಕೊರತೆಗಳೂ ಇವೆ. ನಂಬರುಗಳು ಬಂದ ಕ್ರಮದಲ್ಲಿವೆ, ವಿಷಯದ ಕ್ರಮದಲ್ಲಿ ಅಲ್ಲ. ಹೊಸಬರಿಗೆ ಎಲ್ಲಿಂದ ಹಿಡಿಯಬೇಕು ಎಂದು ತಿಳಿಯುವುದಿಲ್ಲ. ಎರಡು ಪುಟಕ್ಕೆ ಹಿಂಡಿದ್ದರಿಂದ ಕೆಲವು ಕಡೆ ಸೂತ್ರ ಇದೆ, ಹಂತ ಇಲ್ಲ. ಅಂಕಿಅಂಶದ ತಳಪಾಯ ಇಲ್ಲದ ಬಿಎಸ್ಸಿ ಹುಡುಗರು ಒಬ್ಬರೇ ಓದಿದರೆ ಮಧ್ಯದಲ್ಲಿ ಕೈಬಿಡುತ್ತಾರೆ. ಜೊತೆಗೆ ಕೊಡುವ ರೋಬ್‌ಸ್ಟ್ಯಾಟ್ ಎಂಬ ಎಕ್ಸೆಲ್ ಆಡ್-ಇನ್ ಹಳೇ ಎಕ್ಸ್‌ಎಲ್‌ಎ ಮಾದರಿಯದು. ಇಂಟರ್‌ನೆಟ್ಟಿನಿಂದ ಇಳಿಸಿದ ಮ್ಯಾಕ್ರೋಗಳನ್ನು ಈಗಿನ ಎಕ್ಸೆಲ್ ತಡೆಯುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಗುರುತು ಹಾಕಿ, ಆಮೇಲೆ ಎಕ್ಸೆಲ್ ಆಪ್ಷನ್ಸ್‌ನ ಆಡ್-ಇನ್ಸ್‌ನಲ್ಲಿ ಸೇರಿಸಬೇಕು. ಐಟಿಯವರು ಮ್ಯಾಕ್ರೋಗೆ ಬೀಗ ಹಾಕಿರುವ ಕಡೆ ಈ ತಂಟೆಗೆ ಹೋಗದೆ ಮೇಲೆ ಹೇಳಿದ ಬೇಲಿ ಲೆಕ್ಕವನ್ನು ಆರು ಕಾಲಂನಲ್ಲಿ ತಾವೇ ಬರೆದುಕೊಳ್ಳುವುದು ವಾಸಿ. ದೂರಗಳ ಮೀಡಿಯನ್ ತೆಗೆಯುವ ಅರೇ ಸೂತ್ರಕ್ಕೆ ಹಳೇ ಎಕ್ಸೆಲ್‌ನಲ್ಲಿ ಬರೀ ಎಂಟರ್ ಸಾಲದು, ಕಂಟ್ರೋಲ್-ಶಿಫ್ಟ್-ಎಂಟರ್ ಒತ್ತಬೇಕು. ಮರೆತರೆ ತಪ್ಪು ಉತ್ತರ ಬಂದರೂ ಅದು ಸರಿಯಾದಂತೆಯೇ ಕಾಣುತ್ತದೆ.

ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಆಡಿಟ್‌ಗೆ ಇದನ್ನು ಮುಂದಿಡಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಬ್ರೀಫ್ ಸ್ಟ್ಯಾಂಡರ್ಡ್ ಅಲ್ಲ, ಆಧಾರವಾಗಿ ಅದೊಂದನ್ನೇ ಬರೆದರೆ ಅಸೆಸರ್ ಒಪ್ಪುವ ಖಾತ್ರಿಯಿಲ್ಲ. ರೋಬಸ್ಟ್ ಲೆಕ್ಕಕ್ಕೆ ಐಎಸ್ಒ 13528ರ ಅಲ್ಗಾರಿದಂ ಎ ಎಂದು ಬರೆಯಿರಿ, 1.483, 1.5, 1.134 ಅಲ್ಲೂ ಇವೇ. ಅನ್‌ಸರ್ಟನ್ಟಿಗೆ (ಅಳತೆಯ ಅನಿಶ್ಚಿತತೆಗೆ) ಯುರಾಕೆಮ್ ಗೈಡ್ ಬರೆಯಿರಿ. ಬ್ರೀಫನ್ನು ಟ್ರೈನಿಂಗ್ ದಾಖಲೆಯಲ್ಲಿ, ನಂಬರ್ ಮತ್ತು ತಿಂಗಳು-ವರ್ಷ ಸಮೇತ ಹಾಕಿ. ಹೊಸ ಹುಡುಗರಿಗೆ ಮೊದಲು 3, ತಮ್ಮದೇ ಹಳೇ ಕರ್ವ್ ಒಂದರ ರೆಸಿಡ್ಯುಯಲ್ ಎಳೆಸಿ. ಪಿಟಿ (ಹಲವು ಲ್ಯಾಬ್‌ಗಳು ಒಂದೇ ಸ್ಯಾಂಪಲ್ ನೋಡುವ ಹೋಲಿಕೆ ಪರೀಕ್ಷೆ) ರಿಪೋರ್ಟ್ ಬಂದ ವಾರ 6 ಮತ್ತು 17 ಜೊತೆಯಲ್ಲಿ. ಐಸಿಪಿ ಮುಟ್ಟುವ ದಿನ 37.